ಎರಡನೇ ಬ್ಯಾಟರಿಗೆ ಕರೆಂಟು ತಲುಪದಿದ್ದಾಗ

ಜಾತ್ರೆಯಿಂದ ಜಾತ್ರೆಗೆ ಹೋಗಿ ಅಂಗಡಿ ಹಾಕುವವರ ಗಾಡಿ ಹಗಲು ಹೊತ್ತು ಸಾಮಾನು ಸಾಗಿಸುವ ವ್ಯಾನು, ರಾತ್ರಿ ಹನ್ನೊಂದರ ಮೇಲೆ ಮನೆ. ನಮ್ಮ ಸೋದರಮಾವನದೂ ಅಂಥದ್ದೇ. ಬೇತಮಂಗಲದಿಂದ ಹೊರಟು ಶಿವರಾತ್ರಿಗೆ ಕಮ್ಮಸಂದ್ರದ ಕೋಟಿಲಿಂಗೇಶ್ವರ, ಆಮೇಲೆ ಆವಣಿ, ಶ್ರಾವಣದಲ್ಲಿ ಗುಟ್ಟಹಳ್ಳಿಯ ಬಂಗಾರು ತಿರುಪತಿ. ಹಿಂಭಾಗದಲ್ಲಿ ಬಳೆ, ಆಟಿಕೆಗಳ ಡಬ್ಬಗಳು, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಚಾಪೆ. ಮಾವ, ಅತ್ತೆ ಇಬ್ಬರೂ ಅಲ್ಲೇ ಮಲಗುತ್ತಾರೆ.

ಇಂಥ ಗಾಡಿಯಲ್ಲಿ ಎರಡು ಬ್ಯಾಟರಿ ಇರುತ್ತವೆ. ಮುಂದಿನದು ಇಂಜಿನ್ ಸ್ಟಾರ್ಟ್ ಮಾಡಲು. ಹಿಂದಿನದು ಅಂಗಡಿಯ ದೀಪ, ಫ್ಯಾನು, ಮೊಬೈಲ್ ಚಾರ್ಜಿಗೆ. ಹೊರದೇಶಗಳಲ್ಲಿ ಕ್ಯಾಂಪರ್‌ವ್ಯಾನ್ ಇಟ್ಟುಕೊಂಡು ಸುತ್ತುವವರು ಈ ಎರಡನೆಯದನ್ನು ‘ಲೀಷರ್ ಬ್ಯಾಟರಿ’ ಅನ್ನುತ್ತಾರೆ, ಅಂದರೆ ವಿರಾಮದ ಬ್ಯಾಟರಿ. ನಮ್ಮ ಮಾವನ ಗಾಡಿಯಲ್ಲಿ ಅದಕ್ಕೆ ವಿರಾಮವೇ ಇಲ್ಲ. ಅದು ಕೈಕೊಟ್ಟರೆ ದೀಪ ಇಲ್ಲ, ದೀಪ ಇಲ್ಲದ ಬಳೆ ಅಂಗಡಿಗೆ ಯಾವ ಹೆಣ್ಣುಮಗಳೂ ಬರುವುದಿಲ್ಲ. ಜಾತ್ರೆಯಲ್ಲಿ ಮುಕ್ಕಾಲು ವ್ಯಾಪಾರ ಆಗುವುದೇ ಕತ್ತಲಾದ ಮೇಲೆ.

ಎರಡು ವರ್ಷದೊಳಗೆ ಎರಡು ಬ್ಯಾಟರಿ ಹಾಳಾಗಿದ್ದವು. ಮೂರನೆಯದಕ್ಕೆ ಎಂಟು ತಿಂಗಳು. ಅದೂ ರಾತ್ರಿ ಒಂಬತ್ತಕ್ಕೆಲ್ಲ ಮಂಕಾಗತೊಡಗಿತ್ತು. ಬ್ಯಾಟರಿ ಅಂಗಡಿಯವರು “ಸೆಲ್ ಹೋಗಿದೆ, ಹೊಸದು ಹಾಕಿಸ್ಕೊಳ್ಳಿ” ಅಂದಿದ್ದರು. ಮಾವ ಬಡ್ಡಿಗೆ ದುಡ್ಡು ಕೇಳಿಯೂ ಆಗಿತ್ತು.

“ಸೆಲ್ ಹೋಗಿದೆ ಅಂತ ಹೆಂಗೆ ಗೊತ್ತಾಯ್ತು ಮಾವ?” ಅಂತ ಕೇಳಿದೆ.

“ಚಾರ್ಜ್ ನಿಲ್ತಿಲ್ಲ ಅಲ್ವಾ, ಇನ್ನೇನು?”

ಚಾರ್ಜ್ ನಿಲ್ಲುತ್ತಿಲ್ಲ ಅನ್ನುವುದು ಒಂದು ಮಾತು, ಚಾರ್ಜ್ ಬರುತ್ತಲೇ ಇಲ್ಲ ಅನ್ನುವುದು ಇನ್ನೊಂದು. ಎರಡರಲ್ಲೂ ದೀಪ ಆರುವುದು ಒಂದೇ ರೀತಿ. ಇವೆರಡನ್ನು ಬೇರೆ ಮಾಡಿ ನೋಡಲು ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು.

ಮೊದಲು ಬ್ಯಾಟರಿಯನ್ನೇ ನೋಡಿದೆವು. ರಾತ್ರಿಯಿಡೀ ಏನೂ ಹಾಕದೆ ಬಿಟ್ಟು ಬೆಳಿಗ್ಗೆ ಅಳೆದರೆ, ತುಂಬಿದ ಲೆಡ್ ಆಸಿಡ್ ಬ್ಯಾಟರಿ ಸುಮಾರು 12.7 ವೋಲ್ಟ್ ತೋರಿಸಬೇಕು. 12.2 ಅಂದರೆ ಅರ್ಧ. 11.8 ಅಂದರೆ ಖಾಲಿ. ಮಾವನದು 12.1 ಇತ್ತು. ಪರಿಚಯದ ಮೆಕ್ಯಾನಿಕ್ ಒಬ್ಬರ ಹೈಡ್ರೋಮೀಟರ್ ತಂದು ಆರೂ ಸೆಲ್‌ಗಳ ಆಸಿಡ್ ಪರೀಕ್ಷಿಸಿದೆವು. ಆರೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ, ಕೆಳಗಿದ್ದವು. ಒಂದು ಸೆಲ್ ಸತ್ತಿದ್ದರೆ ಅದೊಂದು ಮಾತ್ರ ಉಳಿದ ಐದಕ್ಕಿಂತ ತೀರಾ ಕೆಳಗಿರುತ್ತದೆ. ಆರೂ ಒಟ್ಟಿಗೆ ಕೆಳಗಿದ್ದರೆ ಬ್ಯಾಟರಿ ಹಸಿದಿದೆ ಅಂತಲೇ ಅರ್ಥ ಮಾಡಿಕೊಳ್ಳಬೇಕು.

ಹೀಗೆ ಹಸಿದೇ ಇದ್ದರೆ ಅದು ನಿಜವಾಗಿಯೂ ಸಾಯುತ್ತದೆ. ಅರ್ಧಂಬರ್ಧ ಚಾರ್ಜಿನಲ್ಲಿ ವಾರಗಟ್ಟಲೆ ಬಿಟ್ಟ ಬ್ಯಾಟರಿಯ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಅದು ಬಿಡುವುದಿಲ್ಲ. ಹಿಂದಿನ ಎರಡು ಬ್ಯಾಟರಿಗಳೂ ಹೀಗೇ ಹೋಗಿರಬೇಕು.

ಎರಡನೆಯದು ದಾರಿ. ಇಂಜಿನ್ ಸ್ಟಾರ್ಟ್ ಮಾಡಿ, ಸ್ವಲ್ಪ ರೇಸ್ ಕೊಟ್ಟು, ಮುಂದಿನ ಬ್ಯಾಟರಿಯಲ್ಲಿ ಅಳೆದೆವು: 14.1 ವೋಲ್ಟ್. ಅಂದರೆ ಆಲ್ಟರ್ನೇಟರ್ ಸರಿಯಾಗಿದೆ. ಹಿಂದಿನ ಬ್ಯಾಟರಿಯಲ್ಲಿ ಅದೇ ಹೊತ್ತಿಗೆ 13.1. ಐದು ಮೀಟರ್ ದಾರಿಯಲ್ಲಿ ಒಂದು ವೋಲ್ಟ್ ಕಾಣೆ! 14ರ ಮೇಲೆ ಬೇಕಾದ ಬ್ಯಾಟರಿಗೆ 13.1 ಕೊಟ್ಟರೆ ಅದು ದಿನವಿಡೀ ಓಡಿದರೂ ತುಂಬುವುದಿಲ್ಲ.

ಕಾಣೆಯಾದ ಆ ಒಂದು ವೋಲ್ಟ್ ಎಲ್ಲಿ ಹೋಯಿತು ಅಂತ ಮೀಟರೇ ಹೇಳಿತು. ಒಂದು ಕಡ್ಡಿ ಮುಂದಿನ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಹಿಂದಿನದರ ಪ್ಲಸ್‌ಗೆ ಇಟ್ಟಾಗ 0.4. ಮೈನಸ್‌ನಿಂದ ಮೈನಸ್‌ಗೆ ಇಟ್ಟಾಗ 0.6. ಈ ಅಳತೆಯನ್ನು ಬ್ಯಾಟರಿ ಖಾಲಿ ಇರುವಾಗ, ಇಂಜಿನ್ ಓಡುತ್ತಿರುವಾಗಲೇ ತೆಗೆಯಬೇಕು. ಕರೆಂಟು ಹರಿಯದಿದ್ದರೆ ನಷ್ಟವೂ ಕಾಣುವುದಿಲ್ಲ, ಎಲ್ಲ ಸರಿಯಿದೆ ಅನಿಸಿಬಿಡುತ್ತದೆ.

ಪ್ಲಸ್ ಕಡೆ ಇದ್ದದ್ದು 2.5 ಚದರ ಮಿಲಿಮೀಟರಿನ ವೈರು. ಮನೆಯ ಪ್ಲಗ್ ಪಾಯಿಂಟಿಗೆ ಹಾಕುವಂಥದ್ದು. 230 ವೋಲ್ಟಿನಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. 12 ವೋಲ್ಟಿನಲ್ಲಿ ಅಷ್ಟೇ ಕೆಲಸಕ್ಕೆ ಹತ್ತೊಂಬತ್ತು ಪಟ್ಟು ಕರೆಂಟು ಹರಿಯಬೇಕು. ಮೈನಸ್ ಕಡೆಯದು ಇನ್ನೂ ಸರಳ. ಅರ್ತ್ ವೈರನ್ನು ಬಣ್ಣ ಬಳಿದ ಚಾಸಿ ಮೇಲೆಯೇ ಬೋಲ್ಟ್ ಹಾಕಿ ಬಿಗಿದಿದ್ದರು. ಬಣ್ಣದ ಸುತ್ತ ತುಕ್ಕು ಹಿಡಿದಿತ್ತು.

ಮಾವನಿಗೆ ನಮ್ಮ ಕೆರೆಯ ಲೆಕ್ಕದಲ್ಲೇ ಹೇಳಿದೆ. ಬೇತಮಂಗಲದ ನೀರು ಪೈಪಿನಲ್ಲಿ ಕೆಜಿಎಫ್‌ಗೆ ಹೋಗುತ್ತಿದ್ದದ್ದು ಅವರಿಗೆ ಗೊತ್ತು. ಅಲ್ಲಿ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಯಾರೂ ಹೊಸ ಕೊಡ ತರುವುದಿಲ್ಲ, ಪೈಪು ನೋಡುತ್ತಾರೆ. “ಅಂದ್ರೆ ನಾನು ಕೊಡ ಬದಲಾಯಿಸ್ತಾ ಇದ್ದೆ ಅನ್ನು” ಅಂದರು ಮಾವ.

ಕರೆಂಟಿನ ವಿಷಯದಲ್ಲೂ ನಮ್ಮ ಭಾಗಕ್ಕೆ ಹಳೆಯ ಪಾಠವೊಂದಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗೆ ಬಂತು. ಬೆಂಗಳೂರಿನ ಬೀದಿದೀಪಗಳಿಗಿಂತ ಮೊದಲು. ಅಷ್ಟು ದೂರ ಬರುವಾಗ ದಾರಿಯಲ್ಲೇ ಸೋರಿಹೋಗದಂತೆ ಎಂಜಿನಿಯರುಗಳು ಹೊರಡುವ ಜಾಗದಲ್ಲಿ ವೋಲ್ಟೇಜನ್ನು ಸಾವಿರಗಳ ಲೆಕ್ಕದಲ್ಲಿ ಏರಿಸಿ, ಗಣಿಯ ಬಳಿ ಇಳಿಸಿದರು. ವೋಲ್ಟೇಜ್ ಹೆಚ್ಚಾದಷ್ಟೂ ಅದೇ ಶಕ್ತಿಗೆ ಕಡಿಮೆ ಕರೆಂಟು ಸಾಕು, ದಾರಿಯ ನಷ್ಟವೂ ಕಡಿಮೆ. ಗಾಡಿಯಲ್ಲಿ 12 ವೋಲ್ಟನ್ನು ಹಾಗೆ ಏರಿಸಲಾಗದು. ಆದ್ದರಿಂದ ಉಳಿಯುವ ಉಪಾಯ ಎರಡೇ: ದಪ್ಪ ವೈರು, ಶುದ್ಧವಾದ ಜಾಯಿಂಟು.

16 ಚದರ ಮಿಲಿಮೀಟರಿನ ತಾಮ್ರದ ವೈರು ಎಳೆದೆವು. ಚಾಸಿಯ ಬಣ್ಣ ಕೆರೆದು, ಲೋಹ ಹೊಳೆಯುವಂತೆ ಮಾಡಿ ಅರ್ತ್ ಬಿಗಿದು, ಮೇಲೆ ಗ್ರೀಸ್ ಹಚ್ಚಿದೆವು. ಎರಡೂ ಬ್ಯಾಟರಿಗಳ ಪಕ್ಕದಲ್ಲೇ ಒಂದೊಂದು ಫ್ಯೂಸ್. ಒಂದೇ ಫ್ಯೂಸ್ ಇದ್ದರೆ ವೈರು ಎಲ್ಲಾದರೂ ಉಜ್ಜಿ ಚಾಸಿಗೆ ತಾಗಿದಾಗ ಇನ್ನೊಂದು ಬ್ಯಾಟರಿ ಬೆಂಕಿ ಹಚ್ಚಬಲ್ಲದು, ಮೇಲೆ ಇಬ್ಬರು ಮಲಗಿರುತ್ತಾರೆ. ಹಿಂದಿನ ಬ್ಯಾಟರಿಯ ವೋಲ್ಟೇಜ್ 13.9ಕ್ಕೆ ಏರಿತು.

ಅಲ್ಲಿಗೆ ಮುಗಿಯಲಿಲ್ಲ, ಲೆಕ್ಕ ಬಾಕಿ ಇತ್ತು. ಎರಡು ಎಲ್‌ಇಡಿ ದೀಪ ಸೇರಿ 20 ವ್ಯಾಟ್, ಆರು ಗಂಟೆ. ಫ್ಯಾನು 20 ವ್ಯಾಟ್, ಎಂಟು ಗಂಟೆ. ಒಟ್ಟು 280 ವ್ಯಾಟ್-ಅವರ್. 12ರಿಂದ ಭಾಗಿಸಿದರೆ ಸುಮಾರು 23 ಆಂಪಿಯರ್-ಅವರ್. ಜಾತ್ರೆಯಿಂದ ಜಾತ್ರೆಗೆ ಅರ್ಧ ಗಂಟೆಯ ದಾರಿಯಲ್ಲಿ 20 ಆಂಪಿಯರ್ ಬಂದರೂ ಸೇರುವುದು 10 ಮಾತ್ರ. ಆವಣಿಯಲ್ಲಿ ಗಾಡಿ ದಿನಗಟ್ಟಲೆ ನಿಂತಲ್ಲೇ ನಿಂತರೆ ಅದೂ ಇಲ್ಲ. ಹಾಗಾಗಿ ಬಡ್ಡಿಗೆ ತರಬೇಕಿದ್ದ ದುಡ್ಡಿನ ಬದಲು, ಕೈಯಲ್ಲಿದ್ದಷ್ಟರಲ್ಲಿ 100 ವ್ಯಾಟಿನ ಹಳೆಯ ಸೋಲಾರ್ ಪ್ಯಾನೆಲ್ ಒಂದನ್ನು ಕಂಟ್ರೋಲರ್ ಜೊತೆ ಮೇಲೆ ಕೂರಿಸಿದೆವು. ಶಿವರಾತ್ರಿಯ ಬಿಸಿಲಿಗೆ ಒಂದು ರಾತ್ರಿಯ ಖರ್ಚನ್ನು ಅದು ತುಂಬಿಕೊಡುತ್ತದೆ. ಒಂದೇ ಷರತ್ತು, ಅಂಗಡಿಯ ಟಾರ್ಪಾಲನ್ನು ಅದರ ಮೇಲೆ ಎಳೆಯಬಾರದು. ಪ್ಯಾನೆಲ್ಲಿನ ಒಂದು ಮೂಲೆಗೆ ನೆರಳು ಬಿದ್ದರೂ ಬರುವ ಕರೆಂಟು ಆ ಮೂಲೆಯ ಪಾಲಿಗಿಂತ ತುಂಬಾ ಹೆಚ್ಚು ಇಳಿಯುತ್ತದೆ.

ಎರಡು ಎಚ್ಚರಿಕೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಹಲಗೆಯ ಕೆಳಗಿದ್ದದ್ದನ್ನು ಮುಚ್ಚಳದ ಪೆಟ್ಟಿಗೆಗೆ ಹಾಕಿ, ಹೊರಗೆ ಗಾಳಿ ಹೋಗಲು ಪೈಪು ಬಿಟ್ಟೆವು. ಮತ್ತೆ, ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಬೇಡ. ನಮ್ಮ ಬೋರ್‌ವೆಲ್ ನೀರಿನ ಉಪ್ಪು ಪ್ಲೇಟುಗಳನ್ನು ತಿನ್ನುತ್ತದೆ. ಹೊಸ ಗಾಡಿಯವರು ಇನ್ನೊಂದು ವಿಷಯ ಗಮನಿಸಿ: ಈಚಿನ ಕೆಲವು ಬಿಎಸ್6 ಗಾಡಿಗಳಲ್ಲಿ ಮುಂದಿನ ಬ್ಯಾಟರಿ ತುಂಬಿದ ಕೂಡಲೇ ಆಲ್ಟರ್ನೇಟರ್ ತಾನೇ ವೋಲ್ಟೇಜ್ ಇಳಿಸುತ್ತದೆ. ಅಲ್ಲಿ ಎಷ್ಟು ದಪ್ಪ ವೈರು ಹಾಕಿದರೂ ಸಾಲದು, ನಡುವೆ ಡಿಸಿ-ಡಿಸಿ ಚಾರ್ಜರ್ ಬೇಕು.

ಎಂಟು ತಿಂಗಳ ಆ ಬ್ಯಾಟರಿ ಪೂರ್ತಿ ಹೊಸದರಂತಾಗಿಲ್ಲ. ಗಟ್ಟಿಯಾಗಿ ಕೂತ ಸಲ್ಫೇಟ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಆದರೂ ರಾತ್ರಿ ಹನ್ನೊಂದರವರೆಗೆ ದೀಪ ಉರಿಯುತ್ತದೆ, ಬೆಳಗಿನವರೆಗೆ ಫ್ಯಾನು ತಿರುಗುತ್ತದೆ. ಜಾತ್ರೆ, ಸಂತೆ, ರಾತ್ರಿ ಟಿಫನ್ ಗಾಡಿ ನಡೆಸುವವರು ನಿಮ್ಮ ಊರಲ್ಲೂ ಇದ್ದಾರೆ. ಅವರಲ್ಲಿ ಯಾರಾದರೂ ಹೊಸ ಬ್ಯಾಟರಿಗೆ ಸಾಲ ಮಾಡಲು ಹೊರಟಿದ್ದರೆ, ಮೊದಲು ಈ ನಾಲ್ಕು ಅಳತೆ ತೆಗೆಸಿ: ಮುಂದೆ ಎಷ್ಟು, ಹಿಂದೆ ಎಷ್ಟು, ಪ್ಲಸ್‌ನಿಂದ ಪ್ಲಸ್‌ಗೆ ಎಷ್ಟು, ಮೈನಸ್‌ನಿಂದ ಮೈನಸ್‌ಗೆ ಎಷ್ಟು. ಹತ್ತು ನಿಮಿಷದ ಕೆಲಸ.