ನಿಧಾನಕ್ಕೆ ಹಾರುವ ವಿಮಾನ

ಅಂಗಡಿಯಲ್ಲಿ ಎಲ್ಲಕ್ಕಿಂತ ಚೆಂದ ಕಾಣುವ ವಿಮಾನವನ್ನು ಮೊದಲ ವಿಮಾನವಾಗಿ ಕೊಳ್ಳಬಾರದು. ರಿಮೋಟಿನಲ್ಲಿ ವಿಮಾನ ಹಾರಿಸುವುದನ್ನು ಕಲಿಯಬೇಕು ಅಂತ ಯಾರೇ ಬಂದು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ. ಕೇಳಿದವರ ಮುಖ ಸ್ವಲ್ಪ ಬಾಡುತ್ತದೆ. ಬಾಡುವುದು ಸಹಜ. ಚೂಪು ಮೂಗಿನ ಜೆಟ್ಟು, ಎರಡನೇ ಮಹಾಯುದ್ಧದ ಸ್ಪಿಟ್‌ಫೈರು, ಇಂಥವನ್ನು ನೋಡಿಯೇ ಅಲ್ಲವೇ ಆಸೆ ಹುಟ್ಟುವುದು. ಆ ಆಸೆ ಮೊದಲ ಭಾನುವಾರವೇ ಮಣ್ಣುಪಾಲಾಗಬಾರದು ಅಂತಲೇ ನನ್ನ ಈ ಹಠ.

ನನ್ನ ಅಕ್ಕನ ಮಗಳಿಗೆ ಎನ್‌ಸಿಸಿ ಏರ್ ವಿಂಗ್ ಸೇರಿದ ಮೇಲೆ ಈ ಹುಚ್ಚು ಹತ್ತಿತು. ಅಲ್ಲಿ ಕೆಡೆಟ್‌ಗಳಿಗೆ ಏರೋಮಾಡೆಲಿಂಗ್ ಕಲಿಸುತ್ತಾರೆ. ಒಂದು ದಿನ ಮೊಬೈಲು ಹಿಡಿದುಕೊಂಡು ಬಂದಳು. "ಮಾಮ, ನಂಗೆ ತೇಜಸ್ಸೇ ಬೇಕು, ನೋಡಿ ಇಲ್ಲಿ, ಕಿಟ್ ಸಿಗುತ್ತೆ" ಅಂದಳು.

"ತೇಜಸ್ ತಗೊಳ್ಳೋಣ ಪುಟ್ಟಿ, ಮೂರನೇದಾಗಿ" ಅಂದೆ.

ಆಮೇಲೆ ಕೂರಿಸಿಕೊಂಡು ಕಾರಣ ಹೇಳಿದೆ. ನಮ್ಮ ಬೆಂಗಳೂರಿನಲ್ಲೇ ಹುಟ್ಟಿ, 2001ರ ಜನವರಿ 4ರಂದು ಇಲ್ಲಿಂದಲೇ ಮೊದಲ ಸಲ ಮೇಲೇರಿದ ಆ ಯುದ್ಧವಿಮಾನವನ್ನು ಬೇಕೆಂದೇ ಅಸ್ಥಿರವಾಗಿ ವಿನ್ಯಾಸ ಮಾಡಿದ್ದಾರೆ. ಗಾಳಿಯಲ್ಲಿ ಚಕ್ಕನೆ ತಿರುಗಬೇಕಾದರೆ ಅದು ತನ್ನಷ್ಟಕ್ಕೆ ನೆಟ್ಟಗೆ ನಿಲ್ಲುವ ಸ್ವಭಾವದ್ದಾಗಿರಬಾರದು. ಅದನ್ನು ಪ್ರತಿ ಕ್ಷಣ ಸರಿಪಡಿಸುತ್ತಾ ಹಿಡಿದಿಡುವುದು ಒಳಗಿರುವ ಕಂಪ್ಯೂಟರುಗಳು. ಅದನ್ನು ಹಾರಿಸುವ ಪೈಲಟ್ಟುಗಳು ಕೂಡ ಕಲಿಯುವುದಕ್ಕೆ ಶುರು ಮಾಡಿದ್ದು ಬೇರೆ ವಿಮಾನದಲ್ಲಿ. ಜಕ್ಕೂರಿನ ವಿಮಾನ ತರಬೇತಿ ಶಾಲೆಯ ಸೆಸ್ನಾ ಹಾರುವುದನ್ನು ನೋಡಿದವರಿಗೆ ಗೊತ್ತು: ರೆಕ್ಕೆ ಪೈಲಟ್ಟಿನ ತಲೆಯ ಮೇಲಿರುತ್ತದೆ, ಹೊಟ್ಟೆ ಕೆಳಗೆ ತೂಗುತ್ತದೆ, ವೇಗ ಸಾಧಾರಣ. ಉಳಲು ಕಲಿಯುವ ಹುಡುಗನ ನೇಗಿಲಿಗೆ ಸಾಧು ಎತ್ತನ್ನೇ ಕಟ್ಟುತ್ತಾರಲ್ಲ, ಹಾಗೆ.

ಮಾಡೆಲ್ ವಿಮಾನದಲ್ಲೂ ನಾನು ಮೊದಲು ನೋಡುವುದು ರೆಕ್ಕೆಯನ್ನು. ಅದು ಮೈಯ ಮೇಲ್ಭಾಗದಲ್ಲಿರಬೇಕು. ಎದುರಿನಿಂದ ನೋಡಿದಾಗ ಎರಡು ತುದಿಗಳೂ ನಡುವಿಗಿಂತ ತುಸು ಎತ್ತರದಲ್ಲಿರಬೇಕು. ಈ ಏರಿಕೆಗೆ ಡೈಹೆಡ್ರಲ್ ಅನ್ನುತ್ತಾರೆ. ಗಾಳಿ ಬೀಸಿ ವಿಮಾನ ಒಂದು ಮಗ್ಗುಲಿಗೆ ವಾಲಿತು ಅನ್ನಿ. ಆಗ ಅದು ಆ ಕಡೆಗೇ ಜಾರತೊಡಗುತ್ತದೆ. ಜಾರುವಾಗ ಕೆಳಗಾದ ರೆಕ್ಕೆಗೆ ಗಾಳಿ ಹೆಚ್ಚು ಕೋನದಲ್ಲಿ ತಾಗಿ, ಆ ರೆಕ್ಕೆ ತಾನೇ ಮೇಲೇಳುತ್ತದೆ. ಹೊಸಬರಿಗೆ ಇದರಿಂದಾಗುವ ಉಪಕಾರ ದೊಡ್ಡದು. ಗಾಬರಿಯಾಗಿ ಏನು ಮಾಡಬೇಕೆಂದು ತೋಚದಿದ್ದಾಗ ಸ್ಟಿಕ್ಕುಗಳನ್ನು ಬಿಟ್ಟುಬಿಟ್ಟರೂ, ಸಾಕಷ್ಟು ಎತ್ತರದಲ್ಲಿದ್ದರೆ, ಇಂಥ ವಿಮಾನ ತಾನಾಗಿ ಸುಧಾರಿಸಿಕೊಳ್ಳುತ್ತದೆ.

ಇದೇ ಕಾರಣಕ್ಕೆ ಮೊದಲ ವಿಮಾನಕ್ಕೆ ಮೂರು ಚಾನೆಲ್ ಸಾಕು: ಮೋಟರಿನ ವೇಗ ಏರಿಸಿ ಇಳಿಸುವ ಥ್ರಾಟಲಿಗೆ ಒಂದು, ಮೂಗು ಎತ್ತಿ ಇಳಿಸುವ ಎಲಿವೇಟರಿಗೆ ಒಂದು, ಬಾಲದ ರಡ್ಡರಿಗೆ ಒಂದು. ರಡ್ಡರ್ ತಿರುಗಿಸಿದರೆ ಡೈಹೆಡ್ರಲ್ ಇರುವ ರೆಕ್ಕೆ ತಾನೇ ವಾಲಿಕೊಂಡು ತಿರುವು ತೆಗೆದುಕೊಳ್ಳುತ್ತದೆ. ವಿಮಾನವನ್ನು ವಾಲಿಸಲು ರೆಕ್ಕೆಯ ಹಿಂದಂಚಿನಲ್ಲಿರುವ ಪಟ್ಟಿ, ಅಂದರೆ ಏಲರಾನ್, ಇಲ್ಲದಿದ್ದರೂ ನಡೆಯುತ್ತದೆ. ಇಲ್ಲಿ ಒಂದು ಸಣ್ಣ ಉಪಾಯವಿದೆ, ಕಿಟ್ಟಿನ ಜೊತೆ ಬರುವ ಹಾಳೆಯಲ್ಲಿ ಸಾಮಾನ್ಯವಾಗಿ ಬರೆದಿರುವುದಿಲ್ಲ. ರಡ್ಡರನ್ನು ತಿರುಗಿಸುವ ಪುಟ್ಟ ಮೋಟರಿನ, ಅಂದರೆ ಸರ್ವೊದ, ವೈರನ್ನು ವಿಮಾನದೊಳಗಿನ ರಿಸೀವರಿನಲ್ಲಿ ಏಲರಾನ್ ಜಾಗಕ್ಕೆ ಸಿಕ್ಕಿಸಿಬಿಡಿ. ಎಡಗೈಯಲ್ಲಿ ಥ್ರಾಟಲ್ ಇರುವ ಮೋಡ್ 2 ರಿಮೋಟಿನಲ್ಲಿ ಆಗ ತಿರುಗಿಸುವ ಕೆಲಸ ಬಲಗೈ ಹೆಬ್ಬೆರಳಿಗೆ ಬರುತ್ತದೆ. ಮುಂದೆ ನಾಲ್ಕು ಚಾನೆಲಿನ ವಿಮಾನಕ್ಕೆ ಹೋದಾಗಲೂ ಅದೇ ಬೆರಳು ಅದೇ ಕೆಲಸ ಮಾಡುತ್ತಿರುತ್ತದೆ.

ಇನ್ನು ತೂಕ. ಕೊಳ್ಳುವವರು ರೆಕ್ಕೆಯ ಉದ್ದ ಕೇಳುತ್ತಾರೆ, ಮೋಟರಿನ ಶಕ್ತಿ ಕೇಳುತ್ತಾರೆ. ಎಷ್ಟು ತೂಕ ಅಂತ ಕೇಳುವವರು ಕಡಿಮೆ. ಕೇಳಲೇಬೇಕಾದದ್ದು ಅದು. 120 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಅಗಲದ ರೆಕ್ಕೆ ಅಂದರೆ 24 ಚದರ ಡೆಸಿಮೀಟರ್. ಬ್ಯಾಟರಿ ಸೇರಿ ಇಡೀ ವಿಮಾನ 750 ಗ್ರಾಂ ತೂಗಿದರೆ ಪ್ರತಿ ಚದರ ಡೆಸಿಮೀಟರ್ ಹೊರುವುದು ಸುಮಾರು 31 ಗ್ರಾಂ. ಇಂಥದ್ದು ಗಂಟೆಗೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸಿನ ವೇಗದಲ್ಲೂ ಗಾಳಿಯಲ್ಲಿ ನಿಲ್ಲುತ್ತದೆ. ಅಂದರೆ ಯೋಚನೆ ಮಾಡುವುದಕ್ಕೆ ನಿಮಗೆ ಸಮಯ ಕೊಡುತ್ತದೆ. ಅದೇ ರೆಕ್ಕೆಯ ಮೇಲೆ ಎರಡರಷ್ಟು ತೂಕ ಹೇರಿದರೆ ಮೂವತ್ತೈದಕ್ಕಿಂತ ಕೆಳಗೆ ಬರುವ ಹಾಗಿಲ್ಲ. ಹತ್ತು ಕಿಲೋಮೀಟರಿನ ವ್ಯತ್ಯಾಸ ಕೇಳಲು ಸಣ್ಣದು. ಇಳಿಸುವ ಹೊತ್ತಿನಲ್ಲಿ ಅದು ಬಹಳ ದೊಡ್ಡದು, ನೆಲಕ್ಕೆ ಬಡಿದರೆ ಆಗುವ ನಷ್ಟದಲ್ಲಂತೂ ಇನ್ನೂ ದೊಡ್ಡದು.

ಈಗ ಯಾವ ಬಗೆಯ ಕಿಟ್ ಅನ್ನುವ ಮಾತು. ಡಬ್ಬಿ ತೆರೆದು ಬ್ಯಾಟರಿ ಚಾರ್ಜ್ ಮಾಡಿ ಹಾರಿಸಬಹುದಾದ ಸಿದ್ಧ ವಿಮಾನಗಳಿವೆ. ಫೋಮಿನವು, ಕೆಲವಕ್ಕೆ ವಾಲಿದರೆ ತಾನೇ ನೆಟ್ಟಗಾಗಿಸುವ ಜೈರೊ ಕೂಡ ಇರುತ್ತದೆ. ಕೆಟ್ಟವಲ್ಲ. ಜರ್ಮನಿಯ ಮಲ್ಟಿಪ್ಲೆಕ್ಸ್ ಕಂಪನಿಯ ಈಜಿಸ್ಟಾರ್ ಎಷ್ಟೋ ಜನರಿಗೆ ಹಾರಾಟ ಕಲಿಸಿದೆ. ಅದರ ಮೋಟರು, ಪ್ರೊಪೆಲ್ಲರು ರೆಕ್ಕೆಯ ಹಿಂದಿರುವುದರಿಂದ ಮೂಗು ನೆಲಕ್ಕೆ ಬಡಿದರೆ ಏಟು ಬೀಳುವುದು ಫೋಮಿಗೆ, ಮೋಟರಿನ ಶಾಫ್ಟಿಗಲ್ಲ. ಮೋಟರು ಮೂಗಿನಲ್ಲೇ ಇರುವ ವಿಮಾನಗಳಲ್ಲಿ ಶಾಫ್ಟ್ ಬಗ್ಗುವುದು ನಿತ್ಯದ ಗೋಳು.

ಮತ್ತೊಂದು ತುದಿಯಲ್ಲಿ ಬಾಲ್ಸಾ ಮರದ ಕಿಟ್. ಲೇಸರಿನಲ್ಲಿ ಕತ್ತರಿಸಿದ ತೆಳು ಪಕ್ಕೆಲುಬುಗಳನ್ನು ನಕ್ಷೆಯ ಮೇಲೆ ಗುಂಡುಸೂಜಿಯಿಂದ ನಿಲ್ಲಿಸಿ, ಒಂದೊಂದಾಗಿ ಅಂಟಿಸಿ, ಕೊನೆಗೆ ಬಣ್ಣದ ಪ್ಲಾಸ್ಟಿಕ್ ಹಾಳೆಯನ್ನು ಸಣ್ಣ ಇಸ್ತ್ರಿ ಪೆಟ್ಟಿಗೆಯಿಂದ ಕಾಯಿಸಿ ಬಿಗಿ ಮಾಡುವುದು. ಸುಕ್ಕುಗಳೆಲ್ಲ ಕಣ್ಣೆದುರೇ ಮಾಯವಾಗಿ ರೆಕ್ಕೆ ತಮಟೆಯಂತೆ ಬಿಗಿದು ನಿಲ್ಲುವುದನ್ನು ನೋಡುವ ಸುಖ ಬೇರೆ ಯಾವ ಬಗೆಯ ಕಿಟ್ಟಿನಲ್ಲೂ ಇಲ್ಲ. ಬಾಲ್ಸಾ ಹಳೇ ಕಾಲದ್ದು ಅನ್ನುವವರಿಗೆ ಮೇನಾರ್ಡ್ ಹಿಲ್ ಕತೆ ಹೇಳುತ್ತೇನೆ. ಕಣ್ಣು ಬಹುಮಟ್ಟಿಗೆ ಕಾಣದ, ಕಿವಿಯೂ ಸರಿಯಾಗಿ ಕೇಳಿಸದ 77ರ ಆ ಅಮೆರಿಕನ್ ಹಿರಿಯ, ತಮ್ಮ ಗೆಳೆಯರ ಜೊತೆ ಸೇರಿ ಬಾಲ್ಸಾದಲ್ಲಿ ಕಟ್ಟಿದ ಮಾಡೆಲ್ ವಿಮಾನವನ್ನು 2003ರ ಆಗಸ್ಟಿನಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಿಂದ ಅಟ್ಲಾಂಟಿಕ್ ಸಾಗರ ದಾಟಿಸಿ ಐರ್ಲೆಂಡಿನಲ್ಲಿ ಇಳಿಸಿದರು. ಸುಮಾರು 3,000 ಕಿಲೋಮೀಟರ್, 38 ಗಂಟೆ 52 ನಿಮಿಷ. ಇಂಧನವೂ ಸೇರಿ ವಿಮಾನದ ತೂಕ 5 ಕಿಲೋಗಿಂತ ಕಡಿಮೆ. ಅದನ್ನು ಓದಿದಾಗೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆದರೂ ಮೊದಲ ವಿಮಾನ ಬಾಲ್ಸಾ ಬೇಡ ಅಂತಲೇ ನನ್ನ ಮಾತು. ಮೊದಲ ವಿಮಾನ ಬೀಳುತ್ತದೆ. ಚೆನ್ನಾಗಿ ಕಲಿಯುವವರ ವಿಮಾನವೂ ಬೀಳುತ್ತದೆ. ತಿಂಗಳುಗಟ್ಟಲೆ ಕೂತು ಕಟ್ಟಿದ್ದು ಅರೆಕ್ಷಣದಲ್ಲಿ ಪುಡಿಯಾದರೆ ಹದಿನಾಲ್ಕರ ಹುಡುಗಿಯ ಮನಸ್ಸೂ ಅದರ ಜೊತೆ ಮುರಿಯುತ್ತದೆ. ಹಾಗಂತ ಸಿದ್ಧ ವಿಮಾನ ತಂದುಕೊಟ್ಟರೆ ಅದು ಮುರಿದ ದಿನ ಒಳಗೆ ಏನಿದೆ, ಎಲ್ಲಿಂದ ಕೈ ಹಾಕಬೇಕು ಅನ್ನುವುದೇ ತಿಳಿಯುವುದಿಲ್ಲ, ಅಟ್ಟ ಸೇರುತ್ತದೆ. ನಾನು ಹೇಳುವ ದಾರಿ ನಡುವಿನದು. ಕಟ್ಟಿದವರೇ ಸಂಜೆಯೊಳಗೆ ರಿಪೇರಿ ಮಾಡಿಕೊಳ್ಳಬಹುದಾದ ಶೀಟ್ ವಿಮಾನ.

ನಮ್ಮಲ್ಲಿ ಇದಕ್ಕೆ ಹೇಳಿ ಮಾಡಿಸಿದಂಥ ಸಾಮಾನು ಊರೂರಲ್ಲೂ ಸಿಗುತ್ತದೆ: ಸನ್‌ಪ್ಯಾಕ್ ಶೀಟ್. ಬೋರ್ಡು, ಬ್ಯಾನರು ಮಾಡುವವರು ಬಳಸುವ, ಒಳಗೆ ಸಾಲಾಗಿ ಟೊಳ್ಳು ಕೊಳವೆಗಳಿರುವ ಪ್ಲಾಸ್ಟಿಕ್ ಹಾಳೆ. ಒಂದು ಪದರವನ್ನಷ್ಟೇ ಬ್ಲೇಡಿನಿಂದ ಕೊಯ್ದರೆ ಇನ್ನೊಂದು ಪದರವೇ ಕೀಲಾಗುತ್ತದೆ. ರಡ್ಡರ್, ಎಲಿವೇಟರಿಗೆ ಬೇರೆ ಹಿಂಜ್ ಬೇಕಿಲ್ಲ. ಕೊಳವೆಯೊಳಗೆ ಬಿದಿರ ಕಡ್ಡಿ ತೂರಿಸಿದರೆ ರೆಕ್ಕೆಗೆ ಬೆನ್ನುಮೂಳೆ ಬಂತು. ಒಂದೇ ತೊಂದರೆ, ತುಸು ಭಾರ. ಅದಕ್ಕೇ ಮೈಗೆ ಸನ್‌ಪ್ಯಾಕ್, ರೆಕ್ಕೆಗೆ ಹಗುರ ಫೋಮ್ ಶೀಟ್ ಕೊಡುವ ಕಿಟ್ಟುಗಳು ಸಿಕ್ಕರೆ ಅವೇ ಒಳ್ಳೆಯವು. ಫೋಮಿಗೆ ಗ್ಲೂ ಗನ್ ಬಳಸಿ, ಅದೂ ಬಿಸಿ ಹದವಾಗಿದ್ದಾಗ. ಥರ್ಮೋಕೋಲ್ ಜಾತಿಯ ಫೋಮಿಗೆ ಫೆವಿಕ್ವಿಕ್ ಹಾಕಿದರೆ ಅದು ಅಂಟಿಸುವ ಬದಲು ಫೋಮನ್ನೇ ತಿಂದು ತೂತು ಮಾಡುತ್ತದೆ.

ದುಡ್ಡು ಎಲ್ಲಿ ಹಾಕಬೇಕು? ವಿಮಾನದ ಮೇಲಲ್ಲ. ರಿಮೋಟು ಮತ್ತು ಚಾರ್ಜರಿನ ಮೇಲೆ. ಆರು ಚಾನೆಲಿನ ಫ್ಲೈಸ್ಕೈ ಎಫ್‌ಎಸ್-ಐ6 ಥರದ ರಿಮೋಟು ತಗೊಂಡರೆ ವಿಮಾನಗಳು ಬಂದು ಹೋದರೂ ಅದು ಉಳಿಯುತ್ತದೆ. ಮಿಕ್ಕ ಸಾಮಾನು ನಮ್ಮ ಇಂಜಿನಿಯರಿಂಗ್ ಕಾಲೇಜಿನ ಹುಡುಗರಿಗೆಲ್ಲ ಬಾಯಿಪಾಠ: ಎ2212 ಮೋಟರ್, ಮೋಟರಿನ ವೇಗ ನಿಯಂತ್ರಿಸುವ 30 ಆಂಪಿಯರಿನ ಇಎಸ್‌ಸಿ, 9 ಗ್ರಾಂ ತೂಗುವ ಎರಡು ಸರ್ವೊ, 3 ಸೆಲ್ಲಿನ 2200 ಎಂಎಎಚ್ ಲಿಪೋ ಬ್ಯಾಟರಿ. ಈ ಬ್ಯಾಟರಿಯ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲ. ಪ್ರತಿ ಸೆಲ್ಲನ್ನೂ ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರಿನಲ್ಲೇ ಚಾರ್ಜ್ ಮಾಡಬೇಕು, ಸೆಲ್ಲಿಗೆ 4.2 ವೋಲ್ಟ್ ಮೀರಕೂಡದು, ಎದುರಿಗೆ ಯಾರಾದರೂ ಇರಬೇಕು. ಹಾರಿಸದೆ ಇಡುವ ದಿನಗಳಲ್ಲಿ 3.8ರ ಆಸುಪಾಸಿನಲ್ಲಿಡಬೇಕು. ಉಬ್ಬಿದ ಲಿಪೋವನ್ನು ಮತ್ತೆ ಚಾರ್ಜಿಗೆ ಹಾಕಲೇಬಾರದು.

ಕಟ್ಟಿ ಮುಗಿದ ಮೇಲೆ ತೂಗಿಸಿ ನೋಡುವುದು. ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಕಾಲು ಭಾಗಕ್ಕೂ ಮೂರರಲ್ಲೊಂದು ಭಾಗಕ್ಕೂ ನಡುವೆ, ಅಂದರೆ 20 ಸೆಂಟಿಮೀಟರಿನ ರೆಕ್ಕೆಯಾದರೆ ಐದಾರು ಸೆಂಟಿಮೀಟರ್ ಹಿಂದೆ, ಎರಡೂ ಕಡೆ ಒಂದೊಂದು ಬೆರಳು ಕೊಟ್ಟು ಎತ್ತಿ. ವಿಮಾನ ನೆಟ್ಟಗೆ ನಿಲ್ಲಬೇಕು, ಇಲ್ಲವೇ ಮೂಗು ಸ್ವಲ್ಪ ತಗ್ಗಬೇಕು. ಬಾಲ ತಗ್ಗಿದರೆ ಹಾರಿಸಬೇಡಿ. ಬ್ಯಾಟರಿಯನ್ನು ಮುಂದಕ್ಕೆ ಸರಿಸಿ ಮತ್ತೆ ಎತ್ತಿ ನೋಡಿ. ಅಕ್ಕನ ಮಗಳು ಊಟದ ಮೇಜಿನ ಮೇಲೆ ಉಸಿರು ಬಿಗಿಹಿಡಿದು ಬೆರಳ ತುದಿಯಲ್ಲಿ ತಾನು ಕಟ್ಟಿದ ಶೀಟ್ ವಿಮಾನವನ್ನು ಎತ್ತಿದಾಗ ಮೂಗು ಅಷ್ಟೇ ಅಷ್ಟು ಬಾಗಿ ನಿಂತಿತು. "ಬ್ಯಾಟರಿ ಇಟ್ಟ ಜಾಗಕ್ಕೆ ಪೆನ್ನಿನಲ್ಲಿ ಗೆರೆ ಹಾಕಿಬಿಡು" ಅಂದೆ. ಹಾಕಿದಳು, ಪಕ್ಕದಲ್ಲಿ ತಾರೀಖನ್ನೂ ಬರೆದಳು.

ಮೈದಾನಕ್ಕೆ ಹೋಗುವ ಮೊದಲು ಮನೆಯಲ್ಲೇ ಸಿಮ್ಯುಲೇಟರಿನಲ್ಲಿ ಕೈ ಪಳಗಬೇಕು. ಪಿಕಾಸಿಮ್ ಬಿಟ್ಟಿಯಾಗೇ ಸಿಗುತ್ತದೆ. ಅದೇ ರಿಮೋಟನ್ನು ಕೇಬಲಿನಲ್ಲಿ ಕಂಪ್ಯೂಟರಿಗೆ ಜೋಡಿಸಿ ಆಡಬಹುದು. ಅಲ್ಲಿ ಕಲಿಯಬೇಕಾದ ಮುಖ್ಯ ಸಂಗತಿ, ವಿಮಾನ ನಮ್ಮತ್ತ ಬರುವಾಗ ಎಡಬಲ ಅದಲುಬದಲಾಗುವುದು. ಹೊಸಬರ ವಿಮಾನ ಬಹುಪಾಲು ಬೀಳುವುದು ಆ ಗಲಿಬಿಲಿಯಲ್ಲೇ. ಎದುರಿಗೆ ಬರುತ್ತಿರುವ ವಿಮಾನದ ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಸ್ಟಿಕ್ ಒತ್ತಿ. ತಗ್ಗಿದ ರೆಕ್ಕೆಗೆ ಆಸರೆ ಕೊಟ್ಟೆ ಅಂದುಕೊಳ್ಳಿ, ಸರಿಹೋಗುತ್ತದೆ.

ಎಲ್ಲಿ ಹಾರಿಸಬೇಕು ಅನ್ನುವುದನ್ನು ಕಿಟ್ ಕೊಳ್ಳುವ ಮೊದಲೇ ಯೋಚಿಸಬೇಕು. 2021ರ ಡ್ರೋನ್ ನಿಯಮಗಳಲ್ಲಿ ಕಲಿಕೆಗೆ, ಮನರಂಜನೆಗೆ ಕಣ್ಣಳತೆಯಲ್ಲೇ ಹಾರಿಸುವ 25 ಕಿಲೋ ಮೀರದ ಮಾಡೆಲ್ ವಿಮಾನಗಳದ್ದೇ ಬೇರೆ ವರ್ಗವಿದೆ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯಗಳನ್ನು ಗುರುತಿಸಿದ್ದಾರೆ. ದೇವನಹಳ್ಳಿ, ಎಚ್‌ಎಎಲ್, ಯಲಹಂಕ, ಜಕ್ಕೂರು ಇಷ್ಟೂ ನಿಲ್ದಾಣಗಳ ನಡುವೆ ಬದುಕುವ ಬೆಂಗಳೂರಿನವರು ನಕ್ಷೆ ನೋಡದೆ ಮೈದಾನಕ್ಕೆ ಇಳಿಯಲೇಬಾರದು. ಹಾಗೆ ನೋಡಿದರೆ ಈ ಹವ್ಯಾಸದ ಮಟ್ಟಿಗೆ ನಮ್ಮ ಜಿಲ್ಲೆಗಳವರೇ ಭಾಗ್ಯವಂತರು. ಕೊಯ್ಲು ಮುಗಿದ ಹೊಲ, ಹೊಲದವರ ಒಪ್ಪಿಗೆ, ಬೆಳಗಿನ ಆರೂವರೆಯ ನಿಂತ ಗಾಳಿ. ಬಿಸಿಲೇರಿದ ಮೇಲೆ ಗಾಳಿಯೂ ಏಳುತ್ತದೆ, ಹದ್ದುಗಳೂ ಏಳುತ್ತವೆ. ಹದ್ದು ವಿಮಾನದ ಹತ್ತಿರ ಸುತ್ತತೊಡಗಿದರೆ ತಕ್ಷಣ ಇಳಿಸಿಬಿಡಬೇಕು. ಆಕಾಶ ಮೊದಲು ಅದರದ್ದು. ಪ್ರೊಪೆಲ್ಲರಿನ ಎದುರಿಗಾಗಲಿ ಪಕ್ಕಕ್ಕಾಗಲಿ ಯಾರೂ ನಿಲ್ಲಕೂಡದು. ಬ್ಯಾಟರಿ ಸಿಕ್ಕಿಸಿದ ಕ್ಷಣದಿಂದಲೇ ಅದು ತಿರುಗಬಹುದು ಅಂತ ತಿಳಿಯಬೇಕು.

ಅಕ್ಕನ ಮಗಳ ಶೀಟ್ ವಿಮಾನ ಈಗ ತೇಪೆಗಳಿಂದ ತುಂಬಿದೆ. ಮೂಗಿಗೆ ಟೇಪು, ಒಂದು ರೆಕ್ಕೆಯಲ್ಲಿ ಬಿದಿರ ಕಡ್ಡಿಯ ಕಟ್ಟು, ಬಾಲ ಪೂರ್ತಿ ಹೊಸದು. ಎಲ್ಲವೂ ಅವಳ ಕೈಯದ್ದೇ. ತೇಪೆಗಳಿಂದ ತೂಕ ಏರಿದೆ, ಮೊದಲಿನಷ್ಟು ತೇಲುವುದಿಲ್ಲ ಅನ್ನುವುದನ್ನು ನಾನು ಹೇಳುವ ಮೊದಲು ಅವಳೇ ಗಮನಿಸಿ ತಕ್ಕಡಿಗೆ ಹಾಕಿ ನೋಡಿದ್ದಳು. ಮೋಟರು, ಸರ್ವೊ, ರಿಸೀವರು ಎಲ್ಲ ಚೆನ್ನಾಗಿವೆ. ಬಿಚ್ಚಿ ಹೊಸ ಮೈಗೆ ಕೂರಿಸಬಹುದು. ಮುಂದಿನದು ಏಲರಾನ್ ಇರುವ ನಾಲ್ಕು ಚಾನೆಲಿನದ್ದಾಗಲಿ, ಬಾಲ್ಸಾದ್ದೇ ಆಗಲಿ ಅಂತ ಮಾತಾಗಿದೆ. ರೆಕ್ಕೆ ಮೇಲೇ ಇರಲಿ ಅಂತ ಈ ಸಲ ಹೇಳಿದ್ದು ಅವಳು.