ಅಳಿಲು ಬೇಟೆಯ ಕೋವಿಯೂ ಭೌತಶಾಸ್ತ್ರದ ಪಾಠವೂ

ಅಳಿಲೆಂದೊಡನೆ ನಮ್ಮವರಿಗೆ ನೆನಪಾಗುವುದು ಸೇತುಬಂಧದ ಕಥೆ. ಅದರ ಬೆನ್ನ ಮೇಲಿನ ಗೆರೆಗಳು ಶ್ರೀರಾಮನ ಬೆರಳ ಗುರುತುಗಳೆಂಬ ನಂಬಿಕೆ. ‘ಅಳಿಲು ಸೇವೆ’ ಎಂಬ ಮಾತನ್ನು ನಾವೆಲ್ಲರೂ ದಿನನಿತ್ಯ ಬಳಸುತ್ತೇವೆ. ಅಂಥ ಪ್ರಾಣಿಯನ್ನು ಬೇಟೆಯಾಡಿ ಅಡುಗೆ ಮಾಡುವ ನಾಡೊಂದಿದೆ ಎಂದರೆ ನಮ್ಮ ಬಂಧುಗಳಲ್ಲಿ ಹಲವರು ಮುಖ ಸಿಂಡರಿಸುವುದು ಸಹಜವೇ. ಅಮೆರಿಕದ ಕೆಂಟಕಿ ರಾಜ್ಯದಲ್ಲಿರುವ ಮಗಳ ಮನೆಯಲ್ಲಿ ಕೆಲವು ತಿಂಗಳು ಕಳೆಯುವ ಅವಕಾಶ ನನಗೆ ಒದಗಿದಾಗ ಈ ವಿಷಯ ಮನೆಯೊಳಗೇ ಚರ್ಚೆಗೆ ಬಂದಿತು.

ನೆರೆಮನೆಯ ಹಿರಿಯರೊಬ್ಬರು, ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಹದಿಮೂರು ವರ್ಷದ ನನ್ನ ಮೊಮ್ಮಗನನ್ನು ಅಳಿಲು ಬೇಟೆಗೆ ಕರೆದಿದ್ದರು. “ಅಪ್ಪ, ನೀವಾದರೂ ಅವನಿಗೆ ಬುದ್ಧಿ ಹೇಳಿ” ಎಂದಳು ಮಗಳು. ಮೊಮ್ಮಗನಾದರೋ, “ತಾತ, ನೀವು ಫಿಸಿಕ್ಸ್ ಮೇಷ್ಟರಲ್ಲವೇ? ಯಾವ ಕೋವಿ ಸರಿ, ಹೇಳಿ” ಎಂದು ನನ್ನ ಎದುರು ಕುಳಿತ. ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನಿಗೆ ಪ್ರಶ್ನೆ ಕೇಳಿದ ಹುಡುಗನನ್ನು ಬರಿಗೈಯಲ್ಲಿ ಕಳುಹಿಸುವುದು ಸಾಧ್ಯವೇ? ನಾವಿಬ್ಬರೂ ಕಾಗದ, ಪೆನ್ಸಿಲ್ ಹಿಡಿದು ಕುಳಿತೆವು.

ಮೊದಲು ಪ್ರಾಣಿಯ ವಿಚಾರ. ಅಲ್ಲಿಯದು ನಮ್ಮ ಹಿತ್ತಿಲ ಅಳಿಲಲ್ಲ. ಬೂದು ಅಳಿಲು ಸುಮಾರು ಅರ್ಧ ಕಿಲೋ ತೂಗುತ್ತದೆ. ನರಿಯ ಬಣ್ಣದ ಇನ್ನೊಂದು ಜಾತಿಯದು ಒಂದು ಕಿಲೋವರೆಗೂ ಬೆಳೆಯುತ್ತದೆ. ವಲಸೆ ಬಂದ ರೈತರ ಜೋಳದ ಹೊಲಗಳನ್ನು ಅವು ಎಷ್ಟು ಹಾಳುಮಾಡುತ್ತಿದ್ದವೆಂದರೆ, 1807ರಲ್ಲಿ ನೆರೆಯ ಓಹಾಯೋ ರಾಜ್ಯವು ತೆರಿಗೆಯ ಜೊತೆಗೆ ಅಳಿಲುಗಳ ನೆತ್ತಿಚರ್ಮಗಳನ್ನೂ ಒಪ್ಪಿಸಬೇಕೆಂದು ಕಾನೂನು ಮಾಡಿತ್ತು. 1862ರಲ್ಲಿ ಅಂತರ್ಯುದ್ಧದ ಸೈನ್ಯವು ಸಿನ್ಸಿನಾಟಿ ನಗರದತ್ತ ಬಂದಾಗ ಹಳ್ಳಿಗಳಿಂದ ತಮ್ಮ ಕೋವಿಗಳೊಂದಿಗೆ ಓಡಿಬಂದ ಸುಮಾರು ಹದಿನೈದು ಸಾವಿರ ಜನರಿಗೆ ‘ಅಳಿಲು ಬೇಟೆಗಾರರು’ ಎಂದೇ ಹೆಸರಾಯಿತು. ಆ ನೆರೆಯವರಿಗೆ ಇದು ಮನೆತನದ ವಿದ್ಯೆ, ಕ್ರೌರ್ಯದ ವಿನೋದವಲ್ಲ.

ಇನ್ನು ಆಯುಧದ ಆಯ್ಕೆ. ಮುಖ್ಯವಾಗಿ ಎರಡು ಬಗೆಯವುಂಟು. ಒಂದು, ಒಂದೇ ಗುಂಡನ್ನು ಹಾರಿಸುವ ಪಾಯಿಂಟ್ 22 ರೈಫಲ್. ಇನ್ನೊಂದು, ನಮ್ಮ ಮಲೆನಾಡಿನವರು ಬಲ್ಲಂತೆ, ಒಂದು ಈಡಿಗೆ ನೂರಾರು ಸೀಸದ ಚರೆಗಳನ್ನು ಚೆಲ್ಲುವ ಕೋವಿ. ಅಲ್ಲಿ ಅದನ್ನು ಶಾಟ್‌ಗನ್ ಎನ್ನುತ್ತಾರೆ.

ಚರೆಯ ಕೋವಿಗಳನ್ನು 12, 20 ಎಂಬ ‘ಗೇಜ್’ ಸಂಖ್ಯೆಗಳಿಂದ ಗುರುತಿಸುತ್ತಾರೆ. ನಳಿಗೆಯ ಒಳಬಾಯಿಗೆ ಸರಿಹೊಂದುವ ಸೀಸದ ಗೋಲಿಗಳು ಎಷ್ಟು ಸೇರಿದರೆ ಒಂದು ಪೌಂಡು ತೂಗುತ್ತವೆಯೋ ಅದೇ ಆ ಸಂಖ್ಯೆ. ಆದ್ದರಿಂದ ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಅಳಿಲಿಗೆ ಸಾಮಾನ್ಯವಾಗಿ 5 ಅಥವಾ 6ನೆಯ ನಂಬರಿನ ಚರೆ. 6ನೆಯ ನಂಬರಿನದರ ವ್ಯಾಸ ಸುಮಾರು 2.8 ಮಿಲಿಮೀಟರ್. 20 ಗೇಜಿನ ಒಂದು ಸಾಧಾರಣ ತೋಟಾದಲ್ಲಿ ಇಂಥ ಚರೆಗಳು ಇನ್ನೂರರ ಹತ್ತಿರವಿದ್ದು, 30 ಮೀಟರಿನೊಳಗೆ ಚೆನ್ನಾಗಿ ಕೆಲಸ ಮಾಡುತ್ತವೆ.

“ಹಾಗಾದರೆ ಹುಡುಗರಿಗೆ ಎಲ್ಲಕ್ಕಿಂತ ಸಣ್ಣ ಪಾಯಿಂಟ್ 410 ಕೋವಿಯೇ ಒಳ್ಳೆಯದಲ್ಲವೇ?” ಎಂದ ಮೊಮ್ಮಗ. ನೋಡಲು ಹಾಗೆಯೇ ತೋರುತ್ತದೆ. ಭುಜಕ್ಕೆ ಬೀಳುವ ಒದೆತವೂ ಕಡಿಮೆ. ಆದರೆ ಅದರ ಚಿಕ್ಕ ತೋಟಾದಲ್ಲಿ ಚರೆಗಳು ನೂರರ ಆಸುಪಾಸಿನಲ್ಲಷ್ಟೇ ಇರುತ್ತವೆ. ದೂರ ಹೋದಂತೆ ಅವು ವಿರಳವಾಗಿ ಚದರಿ, ಪ್ರಾಣಿಗೆ ಒಂದೆರಡು ಮಾತ್ರ ತಗಲಬಹುದು. ಆಗ ಅಳಿಲು ಸಾಯದೆ ಗಾಯಗೊಂಡು ಪೊಟರೆ ಸೇರಿ ನರಳುತ್ತದೆ. ಸಣ್ಣ ಆಯುಧವೆಲ್ಲ ದಯೆಯ ಆಯುಧವಲ್ಲ ಎಂಬುದನ್ನು ಹುಡುಗ ಅಂದು ಗುರುತು ಹಾಕಿಕೊಂಡ.

ಒದೆತದ ಲೆಕ್ಕ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಮರೆತಿರಲಾರದು. ಸಂವೇಗ ಸಂರಕ್ಷಣಾ ನಿಯಮ! 20 ಗೇಜಿನ ಕೋವಿ ಸುಮಾರು 25 ಗ್ರಾಂ ಸೀಸವನ್ನು ಸೆಕೆಂಡಿಗೆ 370 ಮೀಟರ್ ವೇಗದಲ್ಲಿ ತಳ್ಳುತ್ತದೆ. ಪಾಯಿಂಟ್ 22 ರೈಫಲ್ 2.6 ಗ್ರಾಂ ಗುಂಡನ್ನು ಸುಮಾರು 325 ಮೀಟರ್ ವೇಗದಲ್ಲಿ. ಗುಣಿಸಿ ನೋಡಿದರೆ ಮೊದಲನೆಯದರ ಸಂವೇಗ ಎರಡನೆಯದರ ಹತ್ತು ಪಟ್ಟಿಗೂ ಹೆಚ್ಚು. ಒದೆತಕ್ಕೆ ಹೆದರಿದ ಹುಡುಗ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುತ್ತಾನೆ, ಗುರಿ ತಪ್ಪುತ್ತದೆ. ಹೀಗಾಗಿ ರೈಫಲ್ಲೇ ಲೇಸೆಂದು ನಾವಿಬ್ಬರೂ ತೀರ್ಮಾನಿಸುವುದರಲ್ಲಿದ್ದೆವು.

ಆದರೆ ನಿಜವಾದ ಪ್ರಶ್ನೆ ಅಲ್ಲಿಂದಲೇ ಆರಂಭವಾಗುತ್ತದೆ. ಗುರಿ ತಪ್ಪಿದ ಗುಂಡು ಎಲ್ಲಿಗೆ ಹೋಗುತ್ತದೆ? ಅಳಿಲು ಇರುವುದು ಮರದ ಮೇಲೆ. ಕೋವಿಯ ಬಾಯಿ ಆಕಾಶದತ್ತ. ಸಣ್ಣ ದುಂಡು ಚರೆಯನ್ನು ಗಾಳಿಯು ಬೇಗನೆ ತಡೆಯುವುದರಿಂದ ಅದು ಹೆಚ್ಚೆಂದರೆ ಇನ್ನೂರು, ಇನ್ನೂರೈವತ್ತು ಮೀಟರ್ ಹೋಗಿ ಬೀಳುತ್ತದೆ. ಉದ್ದನೆಯ, ಅದಕ್ಕಿಂತ ಭಾರವಾದ ಪಾಯಿಂಟ್ 22 ಗುಂಡಾದರೋ ಒಂದು ಮೈಲಿಗೂ ಆಚೆ ಹೋಗಬಲ್ಲದು. ಆ ಮೈಲಿಯೊಳಗೆ ಯಾರ ಮನೆಯಿದೆ, ಯಾರ ಮಗು ಆಡುತ್ತಿದೆ? ನೆರೆಯ ಹಿರಿಯರ ನಿಯಮ ಕಟ್ಟುನಿಟ್ಟಾಗಿತ್ತು: ಅಳಿಲಿನ ಹಿಂದೆ ದಪ್ಪ ಕಾಂಡವೋ ದಿಬ್ಬದ ಮಣ್ಣೋ ಇದ್ದರೆ ಮಾತ್ರ ರೈಫಲ್, ಹಿಂದೆ ಆಕಾಶ ಕಂಡರೆ ಕೋವಿ ಕೆಳಗೆ.

ಋತುವೂ ಆಯ್ಕೆಯನ್ನು ಬದಲಿಸುತ್ತದೆ. ಕೆಂಟಕಿಯಲ್ಲಿ ಈ ಬೇಟೆ ಆಗಸ್ಟ್ ತಿಂಗಳ ಮೂರನೆಯ ಶನಿವಾರ ಆರಂಭವಾಗುತ್ತದೆ. ದಿನಕ್ಕೆ ಒಬ್ಬರಿಗೆ ಆರು ಅಳಿಲುಗಳ ಮಿತಿ. ಆಗ ಎಲೆ ದಟ್ಟವಾಗಿದ್ದು, ಪ್ರಾಣಿ ಕ್ಷಣಮಾತ್ರ ಕಾಣುವುದರಿಂದ ಚರೆಯ ಕೋವಿ ಅನುಕೂಲ. ನವೆಂಬರಿನಲ್ಲಿ ಎಲೆಯುದುರಿದ ಮೇಲೆ ರೈಫಲ್ಲಿಗೆ ಸಮಯ ಸಿಗುತ್ತದೆ. ಗುಂಡನ್ನೂ ಬರಿದೆ ಬೆಲೆ ನೋಡಿ ಕೊಳ್ಳುವಂತಿಲ್ಲ. ಒಂದೊಂದು ರೈಫಲ್ಲಿಗೆ ಒಂದೊಂದು ತಯಾರಿಕೆಯದು ಹೊಂದುತ್ತದೆ. ಕಾಗದದ ಗುರಿಗೆ ಹೊಡೆದು ಪರೀಕ್ಷಿಸಬೇಕು. ತುದಿ ಟೊಳ್ಳಾದ ಗುಂಡು ಒಳಗೆ ಅರಳಿ ಬೇಗ ಕೊಲ್ಲುತ್ತದೆ. ಗಟ್ಟಿ ಗುಂಡು ಮಾಂಸ ಕೆಡಿಸುವುದು ಕಡಿಮೆ, ಆದರೆ ತಲೆಗೇ ತಗಲಬೇಕು. ಸೀಸವು ವಿಷವಾದ್ದರಿಂದ ತಾಮ್ರ, ಬಿಸ್ಮತ್, ಉಕ್ಕುಗಳೂ ಬಳಕೆಗೆ ಬಂದಿವೆ. ಕ್ಯಾಲಿಫೋರ್ನಿಯ ರಾಜ್ಯವು 2019ರ ಜುಲೈಯಿಂದ ಬೇಟೆಗೆ ಸೀಸವನ್ನೇ ಸಂಪೂರ್ಣವಾಗಿ ನಿಷೇಧಿಸಿದೆ.

ಇಷ್ಟೆಲ್ಲ ಕೇಳಿಸಿಕೊಳ್ಳುತ್ತಿದ್ದ ಮಗಳು ಕೊನೆಗೆ ಒಂದು ಷರತ್ತಿನ ಮೇಲೆ ಒಪ್ಪಿದಳು: ರಾಜ್ಯದ ಬೇಟೆ ಶಿಕ್ಷಣದ ತರಗತಿಯನ್ನು ಅವನು ಪೂರೈಸಬೇಕು. 1975ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರಿಗೆ ಅಲ್ಲಿ ಅದು ಹೇಗೂ ಕಡ್ಡಾಯ. ಹನ್ನೆರಡು ತುಂಬದ ಮಕ್ಕಳಿಗೆ ವಿನಾಯಿತಿಯುಂಟು. ಹದಿನಾರರೊಳಗಿನವರು ಕೋವಿ ಹಿಡಿದಾಗ, ಅದನ್ನು ತಕ್ಷಣ ಕೈಗೆ ತೆಗೆದುಕೊಳ್ಳಬಲ್ಲ ಹಿರಿಯರು ಪಕ್ಕದಲ್ಲಿರಬೇಕು.

ನಾನು ಜೊತೆಗೆ ಹೋಗಲಿಲ್ಲ. ನವೆಂಬರಿನ ಮೊದಲ ದಿನ ಹುಡುಗ ಬರಿಗೈಯಲ್ಲಿ ಬಂದು, “ನಾಲ್ಕು ಸಲ ಕಂಡಿತು ತಾತ, ನಾಲ್ಕು ಸಲವೂ ಹಿಂದೆ ಆಕಾಶವೇ ಇತ್ತು” ಎಂದ. ಎರಡನೆಯ ವಾರ ಒಂದನ್ನು ಹೊಡೆದ. ಅಂದು ಅವನು ಹೆಚ್ಚು ಮಾತನಾಡಲಿಲ್ಲ. ನೆರೆಯವರು ಚರ್ಮ ಸುಲಿದು ಅದರಿಂದ ಸಾರು ಮಾಡಿದರು, ಅವನು ತಿಂದ. ಸಸ್ಯಾಹಾರಿಯಾದ ನಾನು ಅದೇ ಮೇಜಿನ ಬಳಿ ಕುಳಿತು ರೊಟ್ಟಿ ತಿಂದೆ. ನನ್ನ ಮನಸ್ಸಿಗೆ ಹಿತವಾಯಿತೆಂದು ಹೇಳಲಾರೆ; ಅವನು ತಪ್ಪು ಮಾಡಿದನೆಂದೂ ಹೇಳಲಾರೆ.

ಇಲ್ಲಿನ ಓದುಗರಿಗೆ ಎರಡು ಮಾತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿದೆ. ಮಲೆನಾಡಿನ ಕೆಂದಳಿಲನ್ನು ಕೊಲ್ಲುವುದು ಅಪರಾಧ. ಇನ್ನು ಮಕ್ಕಳ ಮನೆಗೆಂದು ಅಮೆರಿಕಕ್ಕೆ ಪ್ರವಾಸಿ ವೀಸಾದಲ್ಲಿ ಹೋಗುವವರು ಅಲ್ಲಿ ಕೋವಿಯನ್ನಾಗಲಿ ಮದ್ದುಗುಂಡನ್ನಾಗಲಿ ಹೊಂದುವುದನ್ನು, ಬೇಟೆ ಪರವಾನಗಿಯಂಥ ಕೆಲವು ವಿನಾಯಿತಿಗಳ ಹೊರತು, ಆ ದೇಶದ ಕಾನೂನು ನಿಷೇಧಿಸಿದೆ. ಯಾರಾದರೂ ಪ್ರೀತಿಯಿಂದ ‘ಹಿಡಿದು ನೋಡಿ’ ಎಂದರೂ ವಿನಯದಿಂದ ನಿರಾಕರಿಸುವುದು ಕ್ಷೇಮ.

ಅಲ್ಲಿ ನೆಲೆಸಿರುವ ನನ್ನ ವಿದ್ಯಾರ್ಥಿಗಳೇ, ನಿಮ್ಮ ಮಕ್ಕಳೂ ಒಂದು ದಿನ ಇಂಥ ಪ್ರಶ್ನೆ ಕೇಳಬಹುದು. ಅಸಹ್ಯದಿಂದ ಬಾಯಿ ಮುಚ್ಚಿಸಬೇಡಿ, ಉತ್ಸಾಹದಿಂದ ಕೋವಿಯನ್ನೂ ಕೊಡಿಸಬೇಡಿ. ಜೊತೆಗೆ ಕುಳಿತು ಲೆಕ್ಕ ಮಾಡಿ. ಯಾವ ಕೋವಿ ಎಂದು ಕೇಳುವ ಮಗು, ಗುರಿ ತಪ್ಪಿದರೆ ಗುಂಡು ಎಲ್ಲಿ ನಿಲ್ಲುತ್ತದೆ ಎಂದೂ ಕೇಳುವಂತಾದರೆ ಸಾಕು.