ಒಂಬತ್ತು ಶಾಲೆ, ನಾಲ್ಕು ಭಾಷೆ

ಹತ್ತನೇ ತರಗತಿಗೆ ಬರುವಷ್ಟರಲ್ಲಿ ನಮ್ಮ ಮಗ ನಾಲ್ಕು ಶಾಲೆ ಕಂಡಿದ್ದಾನೆ. ನಮ್ಮ ಮನೆಯವರದು ವರ್ಗಾವಣೆಯ ನೌಕರಿ. ಹೈದರಾಬಾದ್, ನಾಗಪುರ, ಚೆನ್ನೈ, ಈಗ ಪುಣೆ. ಇವನಲ್ಲಿ ಕನ್ನಡ ಉಳಿದೀತೇ ಎಂಬ ಚಿಂತೆ ಹೊರನಾಡಿನ ಎಲ್ಲ ತಾಯಂದಿರಂತೆ ನನಗೂ ಇದೆ. ಲೆನ್ನಾರ್ಟ್ ಮೆರಿ ಅವರ ಜೀವನ ಓದುವಾಗ ನನ್ನ ಮನಸ್ಸು ಅಲ್ಲೇ ನಿಂತದ್ದು ಇದಕ್ಕಾಗಿಯೇ.

ಮೆರಿ ಎಸ್ಟೋನಿಯಾದವರು, 1929ರಲ್ಲಿ ಟಾಲಿನ್‌ನಲ್ಲಿ ಹುಟ್ಟಿದವರು. ತಂದೆ ಗೆಯೊರ್ಗ್ ಮೆರಿ ರಾಜತಾಂತ್ರಿಕರಾಗಿದ್ದರಿಂದ ಹುಡುಗ ಪರದೇಶಗಳಲ್ಲಿ ಒಂಬತ್ತು ಶಾಲೆಗಳಲ್ಲಿ, ನಾಲ್ಕು ಭಾಷೆಗಳಲ್ಲಿ ಓದಿದ. 1941ರಲ್ಲಿ ಸೋವಿಯತ್ ಆಡಳಿತ ಕುಟುಂಬವನ್ನೇ ಗಡೀಪಾರು ಮಾಡಿತು. ತಂದೆಯನ್ನು ಬೇರ್ಪಡಿಸಿ ಶಿಬಿರಕ್ಕೆ ಕಳಿಸಿದರು. ಹನ್ನೆರಡರ ಹುಡುಗ ಹೊಟ್ಟೆಪಾಡಿಗೆ ಮರ ಕಡಿದ, ಆಲೂಗಡ್ಡೆ ಸುಲಿದ.

ಊರಿಗೆ ಮರಳಿ 1953ರಲ್ಲಿ ಟಾರ್ಟು ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪದವಿ ಪಡೆದರೂ, ಇತಿಹಾಸಕಾರನಾಗಿ ದುಡಿಯಲು ಆಡಳಿತ ಬಿಡಲಿಲ್ಲ. ಮೆರಿ ನಾಟಕ ಕಂಪನಿ ಸೇರಿದರು, ಆಮೇಲೆ ರೇಡಿಯೊ. ಜೊತೆಗೆ ಅನುವಾದ: ರೆಮಾರ್ಕ್, ಗ್ರಹಾಂ ಗ್ರೀನ್. 1963ರಲ್ಲಿ ಸೋಲ್ಜೆನಿತ್ಸಿನ್ ಬರೆದ ಶಿಬಿರದ ಕಾದಂಬರಿಯನ್ನು ಇನ್ನೊಬ್ಬರ ಜೊತೆಗೂಡಿ ಎಸ್ಟೋನಿಯನ್ ಭಾಷೆಗೆ ತಂದರು. ಗಡೀಪಾರಿನ ಚಳಿ, ಹಸಿವು ಕಂಡವರಿಗೆ ಆ ಪುಸ್ತಕದ ಮಾತುಗಳನ್ನು ನಿಘಂಟಿನಲ್ಲಿ ಹುಡುಕುವ ಅಗತ್ಯ ಎಷ್ಟಿದ್ದೀತು! ಗಡೀಪಾರಿನಿಂದ ಬದುಕಿ ಬಂದ ತಂದೆಯೂ ಸುಮ್ಮನೆ ಕೂರಲಿಲ್ಲ, ಶೇಕ್ಸ್‌ಪಿಯರ್‌ನನ್ನು ತಮ್ಮ ಭಾಷೆಗೆ ತಂದರು.

ಮೆರಿ ಮುಂದೆ ಸಾಕ್ಷ್ಯಚಿತ್ರಗಳನ್ನು ಮಾಡಿದರು. ಎಸ್ಟೋನಿಯನ್ ಭಾಷೆಯ ಬಂಧುಗಳಾದ ಸಣ್ಣ ಸಣ್ಣ ಜನಾಂಗಗಳ ಬಗ್ಗೆ 1977ರಲ್ಲಿ ತೆಗೆದ ಚಿತ್ರವನ್ನು ಸೋವಿಯತ್ ಒಕ್ಕೂಟದಲ್ಲಿ ನಿಷೇಧಿಸಿದರು. ದೇಶ ಮತ್ತೆ ಸ್ವತಂತ್ರವಾದ ಮೇಲೆ, 1992ರಲ್ಲಿ, ಅದೇ ಅನುವಾದಕ ರಾಷ್ಟ್ರಾಧ್ಯಕ್ಷರಾದರು. ಒಂಬತ್ತು ವರ್ಷ ಆ ಹುದ್ದೆಯಲ್ಲಿದ್ದರು. ಇಂದು ಟಾಲಿನ್ ವಿಮಾನ ನಿಲ್ದಾಣಕ್ಕೆ ಅವರದೇ ಹೆಸರು.

ಎಸ್ಟೋನಿಯನ್ ಆಡುವವರು ಸುಮಾರು 11 ಲಕ್ಷ. 2011ರ ಜನಗಣತಿಯಂತೆ ಕನ್ನಡ ತಾಯ್ನುಡಿಯವರು 4.37 ಕೋಟಿ. ಆದರೆ ಹೊರನಾಡಿನ ನಮ್ಮ ಮನೆಗಳಲ್ಲಿ ಕನ್ನಡಕ್ಕೆ ನಾವು ಕೊಡುವ ಕೆಲಸವೆಷ್ಟು? "ಊಟ ಆಯ್ತಾ", "ಬೇಗ ಏಳು", "ಫ್ಯಾನ್ ಆರಿಸು". ವಿಜ್ಞಾನ, ಕ್ರಿಕೆಟ್, ಜಗಳ ಎಲ್ಲಾ ಇಂಗ್ಲಿಷಿಗೆ. ಮೆರಿ ಮನೆತನದವರು ಭಾಷೆಯನ್ನು ಜಗಲಿಯ ಮೇಲಿಟ್ಟು ಪೂಜಿಸಲಿಲ್ಲ, ಅದಕ್ಕೆ ದುಡಿಮೆ ಕೊಟ್ಟರು. ಭಾರ ಹೊತ್ತ ಭಾಷೆಗೆ ಬಲ ಬರುತ್ತದೆ ಎಂದು ನನಗನ್ನಿಸುತ್ತದೆ.

ಹಾಗಾಗಿ ಪ್ರತಿ ಭಾನುವಾರ ಮಗನಿಗೊಂದು ಕೆಲಸ. ಇಂಗ್ಲಿಷಿನಲ್ಲಿ ಓದಿದ್ದೊಂದನ್ನು ಧಾರವಾಡದ ಅಜ್ಜಿಗೆ ಫೋನಿನಲ್ಲಿ ಕನ್ನಡದಲ್ಲಿ ತಿಳಿಸಿ ಹೇಳಬೇಕು. ಮೊನ್ನೆ 'ಅಂಪೈರ್ಸ್ ಕಾಲ್' ಸರದಿ. ಚೆಂಡು ಸ್ಟಂಪಿನ ಅಂಚಿಗಷ್ಟೇ ತಾಗುವಂತಿದ್ದರೆ ಅಂಪೈರ್ ಮೊದಲು ಹೇಳಿದ್ದೇ ಖಾಯಂ ಎಂದು ತಡವರಿಸುತ್ತಾ ಬಿಡಿಸಿ ಹೇಳಿದ.

"ಹಂಗಾದ್ರ ಆ ಮಶೀನ್ ಯಾಕ ಬೇಕಿತ್ತೋ?" ಎಂದರು ಅಜ್ಜಿ.

ಅವನು ಬಿಡಲಿಲ್ಲ, ಹತ್ತು ನಿಮಿಷ ವಾದ ಮಾಡಿದ. ಅಷ್ಟೂ ಕನ್ನಡದಲ್ಲೇ.